ಹಾಲ್ಡೇನ್ ಅವರ ಬದುಕು ಮತ್ತು ಲೆಕ್ಕ

ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ವಿಜ್ಞಾನ ಪುಸ್ತಕದ ಹಳೆಯ ಆವೃತ್ತಿಯಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅವರಿಗೆ ಸಿಕ್ಕಿದ್ದು ಒಂದೆರಡು ವಾಕ್ಯಗಳ ಜಾಗ. ಭೂಮಿಯ ಮೇಲೆ ಜೀವವು ಸರಳ ನಿರವಯವ ಅಣುಗಳಿಂದ ಹುಟ್ಟಿರಬೇಕೆಂದು 1929ರಲ್ಲಿ ಸೂಚಿಸಿದವರು, ಮುಂದೆ ಭಾರತದ ಪೌರರಾದವರು, ಇಷ್ಟೇ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರಿಗೆ ಅವರ ಪರಿಚಯ ಇರುವುದೂ ಇಷ್ಟರಿಂದಲೇ. ವಿಜ್ಞಾನ ಬೋಧನಾ ವಿಧಾನದ ತರಗತಿಯಲ್ಲಿ ನಾನು ಅವರ ಬದುಕನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತ ಬಂದಿದ್ದೇನೆ. ಅದಕ್ಕೆ ಕಾರಣ ಜೀವದ ಉಗಮದ ಆ ವಾಕ್ಯವಲ್ಲ.

ಬೋಧನಾಭ್ಯಾಸದಲ್ಲಿ ಜೀವವಿಕಾಸದ ಪಾಠವನ್ನು ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಾಗಲೆಲ್ಲ ಒಂದೇ ಕ್ರಮ ಕಾಣುತ್ತದೆ. ಜಿರಾಫೆಯ ಕುತ್ತಿಗೆಯ ಚಾರ್ಟು, ಡಾರ್ವಿನ್ನರ ಗಡ್ಡದ ಚಿತ್ರ, ಪಳೆಯುಳಿಕೆಯ ವ್ಯಾಖ್ಯೆ, ಮೌಲ್ಯಮಾಪನದ ಮೂರು ಪ್ರಶ್ನೆ, ಗಂಟೆ. ನಡುವೆ ಯಾವುದಾದರೂ ಒಂದು ಮಗು ಎದ್ದು ನಿಂತು, ಇದನ್ನೆಲ್ಲ ನೋಡಿದವರು ಯಾರು ಸರ್, ಹಿಂದೆ ನಡೆದದ್ದು ಈಗ ಹೇಗೆ ಗೊತ್ತಾಯಿತು ಎಂದು ಕೇಳುತ್ತದೆ. ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಪಳೆಯುಳಿಕೆಗಳಿಂದ ಗೊತ್ತಾಯಿತು ಎಂಬ ಉತ್ತರ ಸರಿ, ಆದರೆ ಅರ್ಧ ಮಾತ್ರ. ಉಳಿದ ಅರ್ಧ ಲೆಕ್ಕದಲ್ಲಿದೆ. ಈಗ ಕಣ್ಣೆದುರು ಇರುವ ಜೀವಿಗಳಲ್ಲಿ ಯಾವ ಜೀನ್ ಎಷ್ಟಿದೆ ಎಂದು ಎಣಿಸಿ, ಅಲ್ಲಿಂದ ಹಿಂದಕ್ಕೆ ನಡೆದು, ಏನಾಗಿದ್ದರೆ ಈ ಎಣಿಕೆ ಬರುತ್ತಿತ್ತು ಎಂದು ತಿಳಿಯುವ ಲೆಕ್ಕ ಅದು. ಪಿಸಿಎಂ ಓದಿ ಬಂದವರಿಗೆ ಪತಂಗದ ವಿಷಯ ತಮ್ಮದಲ್ಲ ಅನಿಸುತ್ತದೆ, ಸಿಬಿಝಡ್‌ನವರಿಗೆ ಲಾಗರಿತಮ್ ಎಂದರೆ ಅಂಜಿಕೆ. ಹಾಗಾಗಿ ಆ ಅರ್ಧ ಯಾರ ಪಾಠಯೋಜನೆಯಲ್ಲೂ ಬರುವುದಿಲ್ಲ. ಹಾಲ್ಡೇನ್ ಈ ಎರಡು ಗುಂಪಿನ ನಡುವಿನ ಗೋಡೆ ಗೊತ್ತೇ ಇಲ್ಲದವರಂತೆ ಬದುಕಿದರು.

ಅವರು ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಶರೀರಕ್ರಿಯೆಯನ್ನು ಅಭ್ಯಸಿಸಿದ ದೊಡ್ಡ ವಿಜ್ಞಾನಿ. ಕಲ್ಲಿದ್ದಲು ಗಣಿಗಳಲ್ಲಿ ಕೂಲಿಗಳು ಯಾವ ಅನಿಲದಿಂದ ಸಾಯುತ್ತಾರೆ ಎಂಬುದನ್ನು ತಿಳಿಯಲು ತಾವೇ ಗಣಿಗಿಳಿದು ಆ ಗಾಳಿಯನ್ನು ಉಸಿರಾಡಿ ನೋಡುತ್ತಿದ್ದರು. ಮಗನನ್ನೂ ಕರೆದೊಯ್ಯುತ್ತಿದ್ದರು. ಒಮ್ಮೆ ಒಂದು ಗಣಿಯಲ್ಲಿ ಛಾವಣಿಯ ಹತ್ತಿರ ಮೀಥೇನ್ ಸೇರಿಕೊಂಡಿತ್ತು. ತಂದೆ ಹುಡುಗನನ್ನು ನೆಟ್ಟಗೆ ನಿಲ್ಲಿಸಿ ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದ ಮಾರ್ಕ್ ಆಂಟನಿಯ ಭಾಷಣ ಹೇಳಿಸಿದರು. ಹೇಳುತ್ತ ಹೇಳುತ್ತ ಹುಡುಗನಿಗೆ ಏದುಸಿರು ಬಂದು ಕಾಲು ಕುಸಿಯಿತು. ನೆಲಕ್ಕೆ ಬಿದ್ದ ಮೇಲೆ ಉಸಿರಾಟ ಸರಿಹೋಯಿತು. ಮೀಥೇನ್ ಗಾಳಿಗಿಂತ ಹಗುರ ಎಂಬ ಪಾಠ ಆ ಹುಡುಗನಿಗೆ ಜನ್ಮದಲ್ಲಿ ಮರೆಯಲಿಲ್ಲ. ಇದನ್ನು ಚಟುವಟಿಕೆಯಾಧಾರಿತ ಕಲಿಕೆ ಎಂದು ಯಾರೂ ಪಾಠಯೋಜನೆಯಲ್ಲಿ ಬರೆಯಬಾರದು ಅಂತ ನಾನು ಪ್ರತಿವರ್ಷ ಹೇಳುತ್ತೇನೆ, ಪ್ರತಿವರ್ಷ ತರಗತಿ ನಗುತ್ತದೆ.

ಎಂಟನೆಯ ವಯಸ್ಸಿಗೆ ತಂದೆಯ ಜೊತೆ ಒಂದು ಉಪನ್ಯಾಸಕ್ಕೆ ಹೋದಾಗ ಮೆಂಡಲನ ನಿಯಮಗಳು ಕಿವಿಗೆ ಬಿದ್ದವು. ಆ ನಿಯಮಗಳು ಮರೆವಿನಿಂದ ಮತ್ತೆ ಹೊರಬಂದು ಆಗಿನ್ನೂ ಒಂದು ವರ್ಷವಾಗಿತ್ತು. ಮುಂದೆ ತಂಗಿ ನವೋಮಿ ಮನೆಯ ಹುಲ್ಲುಹಾಸಿನ ಮೇಲೆ ಗಿನಿಯಿಲಿಗಳನ್ನು ಸಾಕತೊಡಗಿದಾಗ ಅಣ್ಣನೂ ಸೇರಿಕೊಂಡ, ಮರಿಗಳ ಬಣ್ಣದ ಲೆಕ್ಕ ಶುರುವಾಯಿತು. ಆಮೇಲೆ ಚಿಕ್ಕ ಇಲಿಗಳು ಬಂದವು. ಇಲಿಯ ಮೈಬಣ್ಣಕ್ಕೂ ಕಣ್ಣಿನ ಬಣ್ಣಕ್ಕೂ ಸಂಬಂಧಿಸಿದ ಎರಡು ಲಕ್ಷಣಗಳು ಮುಂದಿನ ಪೀಳಿಗೆಗೆ ಜೊತೆಜೊತೆಯಾಗಿ ಸಾಗುತ್ತವೆ ಎಂಬುದನ್ನು ಅಣ್ಣ, ತಂಗಿ ಮತ್ತು ಸ್ಪ್ರಂಟ್ ಎಂಬ ಗೆಳೆಯ ಸೇರಿ ಕಂಡುಕೊಂಡರು. ಪ್ರಬಂಧವನ್ನು ಹಾಲ್ಡೇನ್ ಯುದ್ಧಭೂಮಿಯಲ್ಲಿದ್ದಾಗ ಬರೆದರು, ಅದು 1915ರಲ್ಲಿ ಅಚ್ಚಾಯಿತು. ಸ್ಪ್ರಂಟ್ ಯುದ್ಧದಲ್ಲಿ ಸತ್ತಿದ್ದರು.

ಈ ಹೊತ್ತಿಗೆ ಅವರ ಪದವಿ ಯಾವುದು ಎಂದು ಕೇಳಿದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಪ್ರಾಣಿಶಾಸ್ತ್ರ ಅನ್ನುತ್ತಾರೆ. ಅಲ್ಲ. ಆಕ್ಸ್‌ಫರ್ಡಿನಲ್ಲಿ ಮೊದಲು ಗಣಿತದ ಪರೀಕ್ಷೆ, ಆಮೇಲೆ ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರ, ಎರಡರಲ್ಲೂ ಪ್ರಥಮ ದರ್ಜೆ. ವಿಜ್ಞಾನದಲ್ಲಿ ಅವರಿಗೆ ಪದವಿಯೇ ಇರಲಿಲ್ಲ.

ಯುದ್ಧದಲ್ಲಿ ಎರಡು ಸಲ ಗಾಯಗೊಂಡರು, ಒಮ್ಮೆ ಫ್ರಾನ್ಸಿನಲ್ಲಿ, ಒಮ್ಮೆ ಮೆಸೊಪೊಟೇಮಿಯಾದಲ್ಲಿ. ಎರಡನೆಯ ಸಲ ಚೇತರಿಸಿಕೊಳ್ಳಲು ಭಾರತಕ್ಕೆ ಕಳಿಸಿದರು. ಮಧ್ಯಪ್ರದೇಶದ ಮ್ಹೌದಲ್ಲಿ ಸೈನಿಕರಿಗೆ ಕೈಬಾಂಬಿನ ಬಳಕೆ ಕಲಿಸುವ ಶಾಲೆಯನ್ನು ನಡೆಸಿದರು. ದೇಶ ಹಿಡಿಸಿತು, ಆಳುವವರ ಕಡೆಯವನಾಗಿ ಇಲ್ಲಿರುವುದು ಹಿಡಿಸಲಿಲ್ಲ. ಇಲ್ಲಿನವರ ಜೊತೆ ಸಮಾನನಾಗಿ ಕೂರುವ ಕಾಲ ಬಂದರೆ ಮಾತ್ರ ಮತ್ತೆ ಬರುವುದೆಂದು ಮನಸ್ಸಿನಲ್ಲಿಟ್ಟುಕೊಂಡು ಹೋದರು. ಹಾಗೆ ಬರಲು ಸುಮಾರು 40 ವರ್ಷ ಹಿಡಿಯಿತು.

1919ರಲ್ಲಿ ಆಕ್ಸ್‌ಫರ್ಡಿಗೆ ಮರಳಿದ ವರ್ಷವೇ ಅವರು ಬರೆದ ಒಂದು ಪ್ರಬಂಧವನ್ನು ಇಲ್ಲಿ ವಿವರಿಸಬೇಕು, ಕೊನೆಯಲ್ಲಿ ಅದು ಬೇಕಾಗುತ್ತದೆ. ವರ್ಣತಂತುವನ್ನು ಉದ್ದನೆಯ ಹೂಮಾಲೆ ಎಂದುಕೊಳ್ಳಿ. ತಾಯಿಯ ಕಡೆಯ ಮಾಲೆ ಒಂದು, ತಂದೆಯ ಕಡೆಯದು ಒಂದು. ಮುಂದಿನ ಪೀಳಿಗೆಗೆ ಕೊಡುವಾಗ ಎರಡೂ ಅಲ್ಲಲ್ಲಿ ಒಂದೇ ಜಾಗದಲ್ಲಿ ತುಂಡಾಗಿ, ತುಂಡುಗಳು ಅದಲುಬದಲಾಗಿ ಕೂಡಿಕೊಳ್ಳುತ್ತವೆ. ಅಕ್ಕಪಕ್ಕದ ಎರಡು ಹೂವು ಬೇರೆಯಾಗುವುದು ಅಪರೂಪ, ದೂರದ ಎರಡು ಹೂವು ಬೇರೆಯಾಗುವುದು ಸಾಮಾನ್ಯ. ಹಾಗಾದರೆ ಎಷ್ಟು ಸಲ ಬೇರೆಯಾದವು ಎಂದು ಎಣಿಸಿ, ನಡುವಿನ ದೂರವನ್ನು ಹೇಳಬಹುದು. ಆದರೆ ಎರಡು ಕಡೆ ತುಂಡಾದರೆ ಬೇರೆಯಾದವು ಮತ್ತೆ ಒಂದೇ ಮಾಲೆಗೆ ಬಂದು, ಎಣಿಕೆ ನಿಜಕ್ಕಿಂತ ಕಡಿಮೆ ಬರುತ್ತದೆ. ಆ ಕೊರತೆಯನ್ನು ತುಂಬಿಕೊಡುವ ಸೂತ್ರವನ್ನು ಹಾಲ್ಡೇನ್ ಕೊಟ್ಟರು. ಈ ದೂರವನ್ನು ಅಳೆಯಲು ಇಂದಿಗೂ ಬಳಸುವ ಸೆಂಟಿಮಾರ್ಗನ್ ಎಂಬ ಮಾನಕ್ಕೆ ಹೆಸರಿಟ್ಟವರೂ ಅವರೇ.

1923ರಲ್ಲಿ ಕೇಂಬ್ರಿಡ್ಜಿಗೆ ಹೋದರು, ಜೀವರಸಾಯನಶಾಸ್ತ್ರದ ರೀಡರ್ ಆಗಿ. ಕಿಣ್ವಗಳ ಕ್ರಿಯೆಯ ವೇಗದ ಬಗ್ಗೆ ಬ್ರಿಗ್ಸ್ ಎಂಬವರ ಜೊತೆ 1925ರಲ್ಲಿ ಕೊಟ್ಟ ವಿವರಣೆ ಈಗಲೂ ಎಂಎಸ್ಸಿ ಪುಸ್ತಕಗಳಲ್ಲಿದೆ. ಅದೇ ವರ್ಷ ಒಂದು ವಿಚ್ಛೇದನದ ಮೊಕದ್ದಮೆಯಲ್ಲಿ ಅವರ ಹೆಸರು ಬಂದದ್ದರಿಂದ ವಿಶ್ವವಿದ್ಯಾಲಯ ಕೆಲಸದಿಂದ ತೆಗೆಯಿತು. ಅವರು ಮೇಲ್ಮನವಿ ಹಾಕಿ ಗೆದ್ದು ಮತ್ತೆ ಬಂದು ಕೂತರು. ಇದನ್ನು ಹತ್ತನೆಯ ತರಗತಿಯಲ್ಲಿ ಹೇಳುವ ಅಗತ್ಯವಿಲ್ಲ. ಅಲ್ಲಿ ಹೇಳಬೇಕಾದದ್ದು 1924ರ ಪತಂಗ.

ಇಂಗ್ಲೆಂಡಿನಲ್ಲಿ ಬಿಳಿ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಾಣುವ ಒಂದು ಪತಂಗವಿದೆ. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದರ ಪೂರ್ತಿ ಕಪ್ಪು ರೂಪವೊಂದು ಸಿಕ್ಕಿತು. ಗಿರಣಿಗಳ ಮಸಿ ಮರಗಳ ಮೇಲೆ ಕೂರುತ್ತ ಹೋದಂತೆ, ಆ ಶತಮಾನ ಮುಗಿಯುವುದರೊಳಗೆ ಅಲ್ಲಿನ ಪತಂಗಗಳೆಲ್ಲ ಹೆಚ್ಚುಕಡಿಮೆ ಕಪ್ಪೇ ಆಗಿಬಿಟ್ಟವು. ಇಷ್ಟು ಕಥೆಯನ್ನು ನಮ್ಮವರು ಚಾರ್ಟು ಬರೆದು ಹೇಳುತ್ತಾರೆ. ಹಾಲ್ಡೇನ್ ಕಥೆಯನ್ನು ಲೆಕ್ಕವಾಗಿ ಬದಲಿಸಿದರು. ಮೊದಲಿಗೆ ಕಪ್ಪು ನೂರಕ್ಕೆ ಒಂದು, 50 ವರ್ಷದ ನಂತರ ನೂರಕ್ಕೆ 99 ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಒಂದು ಪೀಳಿಗೆ. ಕಪ್ಪು ಜೀನ್ ಪ್ರಬಲ, ಬಿಳಿ ದುರ್ಬಲ. ಇಷ್ಟು ವೇಗವಾಗಿ ಬದಲಾಗಬೇಕಾದರೆ ಬಿಳಿಯವು ಎಷ್ಟರ ಮಟ್ಟಿಗೆ ಸೋಲಬೇಕು?

ಪಿಸಿಎಂನವರು ಇದನ್ನು ಕಾಲು ಪುಟದಲ್ಲಿ ಮಾಡಬಹುದು. ಬಿಳಿ ಪತಂಗ ಶೇಕಡಾ 99 ಇದ್ದಾಗ ಬಿಳಿ ಜೀನಿನ ಪಾಲು 0.99ರ ವರ್ಗಮೂಲ, ಅಂದರೆ 0.995. ಕಪ್ಪು ಜೀನ್ 0.005. ಕಪ್ಪಿಗೂ ಬಿಳಿಗೂ ಇರುವ ಅನುಪಾತ ಸುಮಾರು 0.005. ಕೊನೆಯಲ್ಲಿ ಬಿಳಿ ಪತಂಗ ಶೇಕಡಾ 1, ಬಿಳಿ ಜೀನ್ 0.1, ಕಪ್ಪು 0.9, ಅನುಪಾತ 9. ಆಯ್ಕೆಯ ಬಲವನ್ನು ಪೀಳಿಗೆಗಳ ಸಂಖ್ಯೆಯಿಂದ ಗುಣಿಸಿದರೆ, ಈ ಎರಡು ಅನುಪಾತಗಳ ವ್ಯತ್ಯಾಸ ಮತ್ತು ಒಂದನ್ನು ಇನ್ನೊಂದರಿಂದ ಭಾಗಿಸಿ ತೆಗೆದ ಸಹಜ ಲಾಗರಿತಮ್, ಇವೆರಡರ ಮೊತ್ತ ಸುಮಾರಾಗಿ ಬರುತ್ತದೆ. 9ಕ್ಕೆ 7.5 ಕೂಡಿಸಿ, 16.5. ಅದನ್ನು 50ರಿಂದ ಭಾಗಿಸಿ, 0.33. ಹಾಲ್ಡೇನ್ ಇನ್ನಷ್ಟು ಕರಾರುವಾಕ್ಕಾಗಿ ಮಾಡಿ 0.332 ತಂದರು. ಮಾತಿನಲ್ಲಿ ಹೇಳುವುದಾದರೆ, ಕಪ್ಪು ಪತಂಗ ಮೂರು ಉಳಿಯುವ ಕಡೆ ಬಿಳಿ ಎರಡೇ ಉಳಿಯುತ್ತದೆ. ಕಪ್ಪಿನ ಸಂತಾನ ಬಿಳಿಯದಕ್ಕಿಂತ ಒಂದೂವರೆ ಪಟ್ಟು.

ಆಗಿನವರಿಗೆ ಇದು ತೀರ ಹೆಚ್ಚಾಯಿತು ಅನ್ನಿಸಿತು. ನೈಸರ್ಗಿಕ ಆಯ್ಕೆ ಎಂದರೆ ಕಣ್ಣಿಗೆ ಕಾಣದಷ್ಟು ನಿಧಾನ ಎಂದು ನಂಬಿದ್ದ ಕಾಲ ಅದು. ಹಕ್ಕಿಗಳು ನಿಜವಾಗಿಯೂ ಬಣ್ಣ ನೋಡಿ ಹೆಕ್ಕುತ್ತವೆಯೇ ಎಂದು ಕೆಟಲ್‌ವೆಲ್ ಎಂಬವರು ಕಾಡಿನಲ್ಲಿ ಗುರುತು ಹಾಕಿದ ಪತಂಗಗಳನ್ನು ಬಿಟ್ಟು ನೋಡಿದ್ದು 1953 ಮತ್ತು 1955ರಲ್ಲಿ. ಮಸಿ ಹಿಡಿದ ಕಾಡಿನಲ್ಲಿ ಬಿಳಿಯವು ಹೆಚ್ಚು ಸತ್ತವು, ಮಸಿಯಿಲ್ಲದ ಕಾಡಿನಲ್ಲಿ ಕಪ್ಪಿನವು ಹೆಚ್ಚು ಸತ್ತವು. ಒಂದು ಹಕ್ಕಿಯನ್ನೂ ನೋಡದೆ ಕಾಗದದ ಮೇಲೆ ಹಾಲ್ಡೇನ್ ಹೇಳಿದ್ದು ಸುಮಾರು 30 ವರ್ಷ ಮೊದಲು.

ಇದನ್ನು ಪ್ರೌಢಶಾಲೆಯ ಮಕ್ಕಳಿಗೆ ಲಾಗರಿತಮ್ ಇಲ್ಲದೆ ಮಾಡಿಸಬಹುದು. ಬೇಕಾದದ್ದು ಒಂದು ಬಟ್ಟೆಯ ಚೀಲ, ನೂರು ಹುಣಸೆ ಬೀಜ, ಸ್ವಲ್ಪ ಬಿಳಿ ಬಣ್ಣ. ಬೇರೆ ಬೇರೆ ಕಾಳು ಬೇಡ, ಬೆರಳಿಗೆ ಗಾತ್ರ ಗೊತ್ತಾಗಿಬಿಡುತ್ತದೆ. 90 ಬೀಜಕ್ಕೆ ಬಣ್ಣ ಹಚ್ಚಿ, 10 ಹಾಗೇ ಇರಲಿ. ಮಗು ನೋಡದೆ ಎರಡೆರಡು ಬೀಜ ತೆಗೆಯಬೇಕು, ಒಂದು ಜೋಡಿ ಎಂದರೆ ಒಂದು ಪತಂಗ. ಜೋಡಿಯಲ್ಲಿ ಒಂದಾದರೂ ಕಪ್ಪಿದ್ದರೆ ಕಪ್ಪು ಪತಂಗ. ಎರಡೂ ಬಿಳಿಯಾದ ಜೋಡಿಗಳನ್ನು ಬೇರೆ ಇಟ್ಟು, ಮೂರಕ್ಕೆ ಒಂದನ್ನು ಹಕ್ಕಿ ತಿಂದಿತೆಂದು ತೆಗೆದುಹಾಕಿ. ಉಳಿದವುಗಳಲ್ಲಿ ಕಪ್ಪು ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, ಆ ಪ್ರಮಾಣದಲ್ಲಿ ಚೀಲವನ್ನು ಮತ್ತೆ ನೂರಕ್ಕೆ ತುಂಬಿ. ಕಪ್ಪು ಬೀಜ ಸರಾಸರಿಯಲ್ಲಿ 10ರಿಂದ 14, 18, 23, 29, 35 ಹೀಗೆ ಏರುತ್ತದೆ. ಐದು ಸುತ್ತು ಒಂದು ಅವಧಿಗೆ ಸರಿಹೋಗುತ್ತದೆ. ಗುಂಪಿನಿಂದ ಗುಂಪಿಗೆ ಸಂಖ್ಯೆ ಏರುಪೇರಾಗುತ್ತದೆ, ಅದನ್ನು ಮುಚ್ಚಬೇಡಿ, ಎಲ್ಲ ಗುಂಪಿನ ಗೆರೆಗಳನ್ನೂ ಒಂದೇ ನಕ್ಷೆಯಲ್ಲಿ ಕಪ್ಪುಹಲಗೆಯ ಮೇಲೆ ಎಳೆಯಿರಿ.

ಆಮೇಲೆ ಚೀಲದಲ್ಲಿ 80 ಕಪ್ಪು, 20 ಬಿಳಿ ಇಟ್ಟು ಒಂದು ಸುತ್ತು ಮಾಡಿಸಿ. ಕಪ್ಪು 81ಕ್ಕೆ ಬಂದರೆ ಹೆಚ್ಚು. ಅದೇ ಹಕ್ಕಿ, ಅದೇ ಹಸಿವು, ಆದರೂ ಬದಲಾವಣೆ ನಿಂತಂತಾಗುತ್ತದೆ. ಯಾಕೆ ಎಂದು ಮಕ್ಕಳನ್ನೇ ಕೇಳಿ. ಬಿಳಿ ಬೀಜ ಕಪ್ಪಿನ ಜೊತೆ ಕೂತು ಹಕ್ಕಿಯ ಕಣ್ಣಿಗೆ ಬೀಳದೆ ಉಳಿಯುತ್ತಿದೆ ಎಂಬುದನ್ನು ಯಾವುದಾದರೂ ಮಗು ಹೇಳೇ ಹೇಳುತ್ತದೆ. ದುರ್ಬಲ ಜೀನ್ ಎಂಬ ಪದದ ಅರ್ಥ ಆ ಕ್ಷಣ ಆದಷ್ಟು ಚೆನ್ನಾಗಿ ಬಟಾಣಿಯ ಚೌಕದಿಂದ ಆಗುವುದನ್ನು ನಾನು ಕಂಡಿಲ್ಲ.

ಈ ಮರೆಯ ಲೆಕ್ಕಕ್ಕೆ ಆ ಕಾಲದಲ್ಲಿ ಜೀವಮರಣದ ಬೆಲೆಯಿತ್ತು. ಕೆಲವು ಕಾಯಿಲೆಯವರಿಗೆ, ಬುದ್ಧಿಮಾಂದ್ಯರೆಂದು ಗುರುತಿಸಿದವರಿಗೆ ಬಲವಂತವಾಗಿ ಸಂತಾನಹರಣ ಮಾಡಿದರೆ ಜನಾಂಗ ಶುದ್ಧವಾಗುತ್ತದೆ ಎಂಬ ಕಾನೂನುಗಳು ಅಮೆರಿಕದ ಹಲವು ರಾಜ್ಯಗಳಲ್ಲಿ, ಆಮೇಲೆ ಹಿಟ್ಲರನ ಜರ್ಮನಿಯಲ್ಲಿ ಬಂದಿದ್ದವು. ಹಾಲ್ಡೇನ್ 1938ರಲ್ಲಿ ಹೆರಿಡಿಟಿ ಅಂಡ್ ಪಾಲಿಟಿಕ್ಸ್ ಎಂಬ ಪುಸ್ತಕ ಬರೆದು ಇದನ್ನು ಎದುರಿಸಿದರು. ಚೀಲದ ಲೆಕ್ಕದಿಂದಲೇ ನೋಡಿ: 10,000 ಜನರಲ್ಲಿ ಒಬ್ಬರಿಗೆ ಬರುವ ದುರ್ಬಲ ಜೀನಿನ ಕಾಯಿಲೆಯಿದ್ದು, ಆ ಒಬ್ಬರಿಗೂ ಮಕ್ಕಳಾಗದಂತೆ ತಡೆದರೂ ಜೀನಿನ ಪಾಲು ಅರ್ಧಕ್ಕೆ ಇಳಿಯಲು 100 ಪೀಳಿಗೆ ಬೇಕು. ಸುಮಾರು 2,500 ವರ್ಷ.

1932ರಲ್ಲಿ ದಿ ಕಾಸಸ್ ಆಫ್ ಎವಲ್ಯೂಷನ್ ಬಂತು. ಅದಕ್ಕೆ ಎರಡು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಫಿಶರ್ ಅವರ ಪುಸ್ತಕ, ಒಂದು ವರ್ಷ ಮೊದಲು ಅಮೆರಿಕದಲ್ಲಿ ಸೂವಾಲ್ ರೈಟ್ ಅವರ ದೀರ್ಘ ಪ್ರಬಂಧ ಬಂದಿದ್ದವು. ಮೆಂಡಲನ ಜೀನು ಮತ್ತು ಡಾರ್ವಿನ್ನರ ಆಯ್ಕೆ ಒಂದಕ್ಕೊಂದು ವಿರೋಧ ಎಂಬ ಹಳೆಯ ಜಗಳವನ್ನು ಈ ಮೂವರ ಗಣಿತ ಮುಗಿಸಿತು. ರೈಟ್ ಒತ್ತಿ ಹೇಳಿದ್ದು ಆಕಸ್ಮಿಕದ ಪಾತ್ರವನ್ನು: ಚೀಲದಲ್ಲಿ 20 ಬೀಜ ಮಾತ್ರ ಇಟ್ಟು ಆಡಿದರೆ ಅನುಕೂಲವಿದ್ದರೂ ಕಪ್ಪು ಕೆಲವು ಸಲ ಪೂರ್ತಿ ಮಾಯವಾಗುತ್ತದೆ. ಹಾಲ್ಡೇನ್ ಕೂಡ 1927ರಲ್ಲೇ ತೋರಿಸಿದ್ದರು, ಹೊಸದಾಗಿ ಹುಟ್ಟಿದ ಒಂದು ಜೀನ್‌ಗೆ ಶೇಕಡಾ 1ರಷ್ಟು ಅನುಕೂಲವಿದ್ದರೆ ಅದು ಉಳಿದು ಹರಡುವ ಸಂಭವ ಶೇಕಡಾ 2 ಮಾತ್ರ. ಒಳ್ಳೆಯದು ಹುಟ್ಟಿದ ಮಾತ್ರಕ್ಕೆ ಉಳಿಯುವುದಿಲ್ಲ.

ನನಗೆ ಅವರ ಎಲ್ಲ ಲೆಕ್ಕಗಳಲ್ಲಿ ಹೆಚ್ಚು ಇಷ್ಟವಾದದ್ದು 1935ರದು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಆ ಕಾಲದಲ್ಲಿ ಕಾಯಿಲೆಯ ಗಂಡುಮಕ್ಕಳು ಬೆಳೆದು ತಂದೆಯಾಗುವುದೇ ಕಡಿಮೆ. ಎಕ್ಸ್ ವರ್ಣತಂತುಗಳಲ್ಲಿ ಮೂರನೆಯ ಒಂದು ಪಾಲು ಗಂಡಸರಲ್ಲಿರುತ್ತದೆ. ಅಂದರೆ ಪ್ರತಿ ಪೀಳಿಗೆಯಲ್ಲಿ ಆ ಜೀನಿನ ಸುಮಾರು ಮೂರನೆಯ ಒಂದು ಪಾಲು ಅಳಿದುಹೋಗಬೇಕು, ಕೆಲವೇ ಪೀಳಿಗೆಯಲ್ಲಿ ಕಾಯಿಲೆ ಇಲ್ಲವಾಗಬೇಕು. ಇಲ್ಲವಾಗಿಲ್ಲ. ಹಾಗಾದರೆ ಅಳಿದಷ್ಟೂ ಹೊಸದಾಗಿ ಹುಟ್ಟುತ್ತಿರಬೇಕು. ಲಂಡನ್ನಿನಲ್ಲಿ ಎಷ್ಟು ಜನರಿಗೆ ಕಾಯಿಲೆಯಿದೆ ಎಂಬುದೊಂದರಿಂದ ಹೊರಟು, ಪೀಳಿಗೆಗೆ ಸುಮಾರು 50,000 ಎಕ್ಸ್ ವರ್ಣತಂತುಗಳಲ್ಲಿ ಒಂದರಲ್ಲಿ ಈ ಉತ್ಪರಿವರ್ತನೆ ಹೊಸದಾಗಿ ಆಗುತ್ತದೆ ಎಂದು ತೆಗೆದರು. ಮನುಷ್ಯನ ಒಂದು ಜೀನಿನ ಉತ್ಪರಿವರ್ತನೆಯ ದರವನ್ನು ಅಂದಾಜು ಮಾಡಿದ್ದು ಅದೇ ಮೊದಲು. ಡಿಎನ್‌ಎಯ ರಚನೆ ತಿಳಿಯಲು ಇನ್ನೂ 18 ವರ್ಷವಿತ್ತು. ತೊಟ್ಟಿಯಿಂದ ನೀರು ಸೋರುತ್ತಿದೆ, ಮಟ್ಟ ಇಳಿದಿಲ್ಲ, ಹಾಗಾದರೆ ನಲ್ಲಿ ಎಷ್ಟು ತೆರೆದಿದೆ ಎಂಬಷ್ಟೇ ಸರಳ ತರ್ಕ. ಏಳನೆಯ ತರಗತಿಯವರೂ ಹಿಡಿಯುತ್ತಾರೆ.

ತಂದೆಯ ಹಾಗೆ ತಮ್ಮ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡ ಕಥೆಗಳು ಬಹಳ ಇವೆ, ಮಕ್ಕಳಿಗೆ ಅವೇ ಇಷ್ಟ. ರಕ್ತವನ್ನು ಆಮ್ಲೀಯ ಮಾಡಿಕೊಳ್ಳಲು ಅಮೋನಿಯಂ ಕ್ಲೋರೈಡ್ ಕುಡಿದರು. 1939ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತಾಗ, ಅವರು ಹೇಗೆ ಸತ್ತರೆಂದು ತಿಳಿಯಲು ಮುಚ್ಚಿದ ಉಕ್ಕಿನ ಕೋಣೆಯಲ್ಲಿ ಕುಳಿತರು. ಇಂಥ ಪ್ರಯೋಗಗಳಲ್ಲಿ ಬೆನ್ನೆಲುಬು ಜಜ್ಜಿತು, ಕಿವಿಯ ತಮಟೆ ಹರಿಯಿತು.

ಇನ್ನು ಹೇಳಲು ಕಷ್ಟವಾದ ಭಾಗ. ವಿಜ್ಞಾನಿಗಳ ಜೀವನವನ್ನು ಪಾಠದಲ್ಲಿ ತರುವಾಗ ನಮ್ಮವರು ಇಂಥದ್ದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದೆಂದು ನನ್ನ ಹಟ. ನಿಕೊಲಾಯ್ ವಾವಿಲೋವ್ ಎಂಬ ರಷ್ಯದ ಸಸ್ಯವಿಜ್ಞಾನಿ ಜಗತ್ತೆಲ್ಲ ಸುತ್ತಿ ಬೆಳೆಗಳ ಬೀಜ ಸಂಗ್ರಹಿಸಿದವರು. 1928ರಲ್ಲಿ ಹಾಲ್ಡೇನ್ ಅವರನ್ನು ಸೋವಿಯತ್ ದೇಶಕ್ಕೆ ಕರೆಸಿಕೊಂಡವರು ಅವರೇ. ಮುಂದೆ ಲೈಸೆಂಕೊ ಎಂಬವರು ಮೆಂಡಲನ ಜೀನುಗಳೇ ಸುಳ್ಳು, ವಾತಾವರಣದಿಂದ ಗೋಧಿಯ ಗುಣವನ್ನೇ ಬದಲಿಸಿ ಮುಂದಿನ ಪೀಳಿಗೆಗೆ ದಾಟಿಸಬಹುದು ಎಂದು ಸಾರಿ ಸ್ಟಾಲಿನ್ನರ ಬೆಂಬಲ ಗಳಿಸಿದರು. ವಾವಿಲೋವ್ 1940ರಲ್ಲಿ ಬಂಧಿತರಾಗಿ 1943ರಲ್ಲಿ ಸರಾತೊವ್ ಜೈಲಿನಲ್ಲಿ ಸತ್ತರು. ಹಾಲ್ಡೇನ್ 1942ರಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷ ಸೇರಿದ್ದರು. 1948ರಲ್ಲಿ ಸೋವಿಯತ್ ದೇಶದಲ್ಲಿ ತಳಿವಿಜ್ಞಾನವನ್ನೇ ಮುಚ್ಚಿಹಾಕಿದಾಗ ಬಿಬಿಸಿ ನಾಲ್ವರು ವಿಜ್ಞಾನಿಗಳನ್ನು ಮಾತಾಡಿಸಿತು. ಫಿಶರ್, ಡಾರ್ಲಿಂಗ್‌ಟನ್, ಹಾರ್ಲೆಂಡ್ ಮೂವರೂ ಲೈಸೆಂಕೊವನ್ನು ಖಂಡಿಸಿದರು. ಹಾಲ್ಡೇನ್ ಖಂಡಿಸಲಿಲ್ಲ, ಅದರಲ್ಲಿ ಸತ್ಯಾಂಶ ಇರಬಹುದೆಂಬ ಧಾಟಿಯಲ್ಲಿ ಮಾತಾಡಿದರು. 1950ರ ಹೊತ್ತಿಗೆ ಪಕ್ಷದಿಂದ ದೂರವಾದರು, ಅದೂ ಸದ್ದಿಲ್ಲದೆ. ಬೇರೆ ಯಾರೇ ಆಗಿದ್ದರೂ ಎಣಿಕೆ ಎಲ್ಲಿ, ಹೋಲಿಸಲು ಬಿತ್ತಿದ ಇನ್ನೊಂದು ಗದ್ದೆ ಎಲ್ಲಿ ಎಂದು ಅವರು ಮೊದಲ ದಿನವೇ ಕೇಳುತ್ತಿದ್ದರು. ತಮ್ಮ ಕಡೆಯವರು ಎಂದುಕೊಂಡವರನ್ನು ಕೇಳಲಿಲ್ಲ. ಗೆಳೆಯನೊಬ್ಬ ಜೈಲಿನಲ್ಲಿ ಸತ್ತ ಮೇಲೂ ಕೇಳಲಿಲ್ಲ. ಅವರ ಬುದ್ಧಿಯನ್ನು ಮೆಚ್ಚುವ ನನಗೆ ಇದಕ್ಕೆ ಸಮಾಧಾನದ ಉತ್ತರ ಸಿಕ್ಕಿಲ್ಲ, ಪ್ರಶಿಕ್ಷಣಾರ್ಥಿಗಳಿಗೆ ಅಂಥ ಉತ್ತರ ಕೊಡುವುದೂ ಇಲ್ಲ.

1957ರಲ್ಲಿ ಪತ್ನಿ ಹೆಲೆನ್ ಸ್ಪರ್ವೇ ಅವರ ಜೊತೆ ಭಾರತಕ್ಕೆ ಬಂದರು. ಪಿ.ಸಿ. ಮಹಲನೋಬಿಸ್ ಅವರ ಆಹ್ವಾನದ ಮೇಲೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಸೂಯೆಜ್ ಕಾಲುವೆಯ ಮೇಲೆ ಬ್ರಿಟನ್ ನಡೆಸಿದ ದಾಳಿಯನ್ನು ಅವರು ಒಂದು ಕಾರಣವಾಗಿ ಹೇಳುತ್ತಿದ್ದರು. ಜುಬ್ಬಾ ಪಂಚೆ ತೊಟ್ಟರು, ಮಾಂಸ ಬಿಟ್ಟರು, ಇಲ್ಲಿನ ಪೌರತ್ವ ಪಡೆದರು. ಬಡ ದೇಶದಲ್ಲಿ ದುಬಾರಿ ಯಂತ್ರಗಳಿಲ್ಲದೆ ವಿಜ್ಞಾನ ಆಗದು ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಜೊತೆಗಿದ್ದ ಎಸ್.ಕೆ. ರಾಯ್ ಪಾರಿಜಾತದ ಹೂವಿನ ಎಸಳುಗಳನ್ನು ಎಣಿಸಿದರು, ಒಂದೇ ಗಿಡದ ಹೂಗಳಲ್ಲಿ ಎಸಳಿನ ಸಂಖ್ಯೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು. ಡೇವಿಸ್ ತೆಂಗಿನ ಮರದ ಗರಿಗಳ ಸುರುಳಿ ಎಡಕ್ಕೋ ಬಲಕ್ಕೋ ಎಂದು ಎಣಿಸಿದರು. ಕೃಷ್ಣ ದ್ರೋಣಂರಾಜು ಯಾವ ಬಣ್ಣದ ಲಂಟಾನ ಹೂವಿಗೆ ಯಾವ ಚಿಟ್ಟೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರು. ಪಾರಿಜಾತ ನಮ್ಮ ಬೋಧನಾಭ್ಯಾಸದ ಶಾಲೆಗಳ ಅಂಗಳದಲ್ಲೂ ಉದುರುತ್ತದೆ. ಬೆಳಗಿನ ಪ್ರಾರ್ಥನೆಗೆ ಮೊದಲು ಹತ್ತು ಮಕ್ಕಳು ತಲಾ 20 ಹೂ ಆರಿಸಿ ಎಸಳು ಎಣಿಸಿದರೆ 200 ಹೂವಿನ ಆವೃತ್ತಿ ಕೋಷ್ಟಕ ಸಿದ್ಧ. ಗಣಿತದ ಸಂಖ್ಯಾಶಾಸ್ತ್ರದ ಪಾಠಕ್ಕೂ ಜೀವವಿಜ್ಞಾನದ ಭಿನ್ನತೆಯ ಪಾಠಕ್ಕೂ ಅದೊಂದೇ ಸಾಕು.

ಸಂಸ್ಥೆಯ ಜೊತೆ ಭಿನ್ನಾಭಿಪ್ರಾಯ ಬಂದು 1961ರಲ್ಲಿ ಅಲ್ಲಿಂದ ಹೊರಬಂದರು. ಮರುವರ್ಷ ಒರಿಸ್ಸಾದ ಮುಖ್ಯಮಂತ್ರಿ ಬಿಜು ಪಟ್ನಾಯಕ್ ಕರೆದರೆಂದು ಭುವನೇಶ್ವರಕ್ಕೆ ಹೋಗಿ ಹೊಸ ಪ್ರಯೋಗಾಲಯ ಕಟ್ಟಿದರು. ಎರ್ನ್ಸ್ಟ್ ಮೇಯರ್ ಎಂಬ ಜೀವವಿಜ್ಞಾನಿ ಇವರ ಗಣಿತವನ್ನು ಚೀಲದೊಳಗಿನ ಕಾಳಿನ ಆಟವೆಂದು ಟೀಕಿಸಿದ್ದರು. 1964ರಲ್ಲಿ ಹಾಲ್ಡೇನ್ ಆ ಕಾಳಿನ ಚೀಲವನ್ನೇ ಸಮರ್ಥಿಸಿ ಒಂದು ಪ್ರಬಂಧ ಬರೆದರು. ನಮ್ಮ ಹುಣಸೆ ಬೀಜದ ಚಟುವಟಿಕೆಗೆ ನಾನು ಪ್ರೇರಣೆ ಪಡೆದದ್ದು ಈ ಜಗಳದಿಂದ. ಆ ವೇಳೆಗಾಗಲೇ ಅವರಿಗೆ ಗುದನಾಳದ ಕ್ಯಾನ್ಸರ್ ಆಗಿತ್ತು. ಅದರ ಮೇಲೂ ಒಂದು ತಮಾಷೆಯ ಪದ್ಯ ಬರೆದು ಅಚ್ಚು ಹಾಕಿಸಿದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ತೀರಿಕೊಂಡರು. ದೇಹವನ್ನು ಅವರ ಉಯಿಲಿನಂತೆ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ, ಕೊಡಲಾಯಿತು.

ಅದೇ 1964ರಲ್ಲಿ ಎಡ್ವರ್ಡ್ಸ್ ಮತ್ತು ಕವಾಲಿ-ಸ್ಫೋರ್ಜಾ, ಇಬ್ಬರೂ ಫಿಶರ್ ಅವರ ಬಳಿ ಕಲಿತವರು, 15 ಮಾನವ ಸಮುದಾಯಗಳ ರಕ್ತದ ಗುಂಪುಗಳ ಪ್ರಮಾಣದಿಂದ ಅವು ಯಾವ ಕ್ರಮದಲ್ಲಿ ಕವಲೊಡೆದವು ಎಂಬ ವಂಶವೃಕ್ಷವನ್ನು ಲೆಕ್ಕದಿಂದ ಕಟ್ಟುವ ವಿಧಾನ ಪ್ರಕಟಿಸಿದರು. 1968ರಲ್ಲಿ ಜಪಾನಿನ ಕಿಮುರಾ, ಒಂದು ಜೀನು ಹಳೆಯದರ ಜಾಗ ಹಿಡಿಯಲು ಎಷ್ಟು ಸಾವುಗಳ ವೆಚ್ಚ ತಗಲುತ್ತದೆ ಎಂದು ಹಾಲ್ಡೇನ್ 1957ರಲ್ಲಿ ಹಾಕಿದ್ದ ಲೆಕ್ಕವನ್ನೇ ಹಿಡಿದು, ಅಣುಮಟ್ಟದ ಬದಲಾವಣೆಗಳಲ್ಲಿ ಬಹುಪಾಲು ಆಯ್ಕೆಯಿಂದ ಆದವಲ್ಲ ಎಂದು ವಾದಿಸಿದರು. ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರಗಳು ಬಂದ ಮೇಲೆ ಪತಂಗವೂ ಮತ್ತೆ ಮೇಜಿಗೆ ಬಂತು.

2016ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕಪ್ಪು ಬಣ್ಣದ ಕಾರಣವನ್ನು ಕಂಡುಹಿಡಿದರು. ಕಾರ್ಟೆಕ್ಸ್ ಎಂಬ ಜೀನಿನೊಳಗೆ ಸುಮಾರು 22,000 ಅಕ್ಷರದ ಒಂದು ಡಿಎನ್‌ಎ ತುಂಡು ಎಲ್ಲಿಂದಲೋ ಜಿಗಿದು ಬಂದು ಕೂತಿದೆ. ಅದು ಬಂದದ್ದು ಯಾವಾಗ? ಮೊದಲು ಹೇಳಿದ ಹೂಮಾಲೆಯನ್ನು ನೆನಪಿಸಿಕೊಳ್ಳಿ. ತುಂಡು ಬಂದು ಕೂತ ದಿನ ಅದರ ಅಕ್ಕಪಕ್ಕದ ಹೂಗಳೆಲ್ಲ ಒಂದೇ ಮಾಲೆಯವು. ಪೀಳಿಗೆ ಕಳೆದಂತೆ ಮಾಲೆ ತುಂಡಾಗಿ ಬದಲಾಗಿ, ಮೂಲದ ನೆರೆಹೊರೆ ಕಿರಿದಾಗುತ್ತ ಬರುತ್ತದೆ. ಕಪ್ಪು ಪತಂಗಗಳಲ್ಲಿ ಆ ನೆರೆಹೊರೆ ಎಲ್ಲೆಲ್ಲಿ ಕಡಿದಿದೆ ಎಂದು ನೋಡಿ, ಅಷ್ಟು ಕಡಿಯಲು ಎಷ್ಟು ಪೀಳಿಗೆ ಬೇಕು ಎಂದು ಅಂದಾಜಿಸಿದರು. ಬಂದ ಉತ್ತರ, 1819ರ ಸುಮಾರು.

ಕಪ್ಪು ಪತಂಗ ಮನುಷ್ಯನ ಕಣ್ಣಿಗೆ ಬಿದ್ದದ್ದು 1848ರಲ್ಲಿ. ನಡುವೆ 29 ವರ್ಷ. ಮೊದಮೊದಲು ಮಸಿ ಕಡಿಮೆಯಿದ್ದುದರಿಂದ ಹಾಲ್ಡೇನ್ ತೆಗೆದ ಒಂದೂವರೆ ಪಟ್ಟಿನ ವೇಗ ಆ ವರ್ಷಗಳಿಗೆ ಪೂರ್ತಿ ಹೊಂದಲಿಕ್ಕಿಲ್ಲ. ಆದರೂ ತರಗತಿಯಲ್ಲಿ ಒಂದು ಪತಂಗದಿಂದ ಶುರುಮಾಡಿ 29 ಸಲ ಒಂದೂವರೆಯಿಂದ ಗುಣಿಸಲು ಹೇಳುತ್ತೇನೆ. ಉತ್ತರ ಸುಮಾರು 1,28,000 ಬರುತ್ತದೆ. 15 ವರ್ಷಕ್ಕೆ ನಿಲ್ಲಿಸಿದರೆ ಸುಮಾರು 440 ಮಾತ್ರ, ಇಡೀ ಮ್ಯಾಂಚೆಸ್ಟರ್ ಸೀಮೆಯಲ್ಲಿ ಹುಡುಕಿದರೂ ಯಾರ ಬಲೆಗೂ ಬೀಳದಷ್ಟು.